ನಾಲ್ಕು ಗಂಟೆಯ ತಲೆನೋವು ಮತ್ತು ಕೆಂಚವ್ವನ ಉಗಿ

ಶಿರಗುಪ್ಪಿಯ ಆ ಓಣಿಯಲ್ಲಿ ಯಾರಿಗೇ ನೆಗಡಿಯಾಗಲಿ, ತಲೆ ಸಿಡಿಯಲಿ, ದವಾಖಾನೆಯ ನೆನಪು ಆಮೇಲೆ. ಮೊದಲು ಹೋಗುವುದು ಕೆಂಚವ್ವನ ಬೆಲ್ಲದ ಗಾಣಕ್ಕೆ. ಅಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿರುತ್ತದೆ. ಕೆಂಚವ್ವ ಅದರಿಂದ ಒಂದು ಬೋಗಾಣಿ ಹಾಲು ತೋಡಿಸಿ ಬಂದವರ ಮುಂದಿಡುತ್ತಾಳೆ. ತಲೆಯ ಮೇಲೆ ಕಂಬಳಿ ಹೊದಿಸುತ್ತಾಳೆ. "ಹೂಂ, ಎಳಕೋ ಉಗಿ. ಮೂಗಿಲೆ ಎಳಕೋ. ಮಾತಾಡಬ್ಯಾಡ," ಎಂದು ಬೆನ್ನಿಗೊಂದು ಮೆಲ್ಲನೆಯ ಗುದ್ದನ್ನೂ ಕೊಡುತ್ತಾಳೆ.

ನೆಗಡಿಯವರಿಗೆ ಇದರಿಂದ ಸುಖವೆನಿಸುತ್ತಿತ್ತು, ಸುಳ್ಳೇಕೆ ಹೇಳೋಣ. ಮೂಗು ಬಿಚ್ಚಿಕೊಂಡು, ನಗುತ್ತಾ ಮನೆಗೆ ಹೋಗುತ್ತಿದ್ದರು. ಅರವತ್ತೈದರ ಕೆಂಚವ್ವನಿಗೆ ಅದೊಂದು ದೊಡ್ಡ ಹೆಮ್ಮೆ. ಸಂತೆಯಲ್ಲಿ ಯಾರಾದರೂ ಸೀನಿದರೂ ಸಾಕು, ನಿಂತು ಕರೆಯುತ್ತಿದ್ದಳು: "ನಾಳೆ ಗಾಣಕ್ಕ ಬಾರಲೇ!"

ಇಂಥ ಕೆಂಚವ್ವನಿಗೆ ಒಂದೇ ಒಂದು ತಲೆನೋವು ಮಾತ್ರ ಬಗ್ಗಲಿಲ್ಲ. ಅದು ಆಕೆಯ ಮಗ ಮಲಕಾರಿಯ ತಲೆನೋವು.

ಮಲಕಾರಿಗೆ ಮೂವತ್ತಾರು ವರ್ಷ. ಬೆಲ್ಲದ ಹದ ನೋಡುವುದರಲ್ಲಿ ಅವನ ಸರಿ ಯಾರೂ ಇಲ್ಲ. ಕುದಿಯುವ ಹಾಲಿನ ಮೇಲೆ ಏಳುವ ಗುಳ್ಳೆ ನೋಡಿಯೇ, "ಇನ್ನ ಎರಡ ನಿಮಿಷ," ಎನ್ನುತ್ತಿದ್ದ. ಎರಡೇ ನಿಮಿಷಕ್ಕೆ ಇಳಿಸಿದರೆ ಬೆಲ್ಲ ಬಂಗಾರದ ಬಣ್ಣ. ಅಪ್ಪನಿಂದ ಬಂದ ವಿದ್ಯೆ ಅದು. ಅಪ್ಪನಿಗೆ ಅವನಪ್ಪನಿಂದ ಬಂದದ್ದು.

ಆದರೆ ನಾಲ್ಕು ವರ್ಷದಿಂದ ಒಂದು ಪೀಡೆ ಗಂಟುಬಿದ್ದಿತ್ತು. ಶಿವರಾತ್ರಿಯ ಹೊತ್ತಿಗೆ, ಮುಂಜಾನೆ ಚಳಿ, ಮಧ್ಯಾಹ್ನ ರಣಬಿಸಿಲು ಶುರುವಾಗುತ್ತದಲ್ಲ, ಆಗ ಅದು ಬರುತ್ತಿತ್ತು. ದಿನಾ ಸಂಜೆ ನಾಲ್ಕಕ್ಕೆ, ಗಡಿಯಾರ ನೋಡಿಕೊಂಡು ಬಂದ ಹಾಗೆ. ಎಡಗಣ್ಣಿನ ಹಿಂದೆ ಕಾದ ಸಲಾಕೆ ಚುಚ್ಚಿದಂಥ ನೋವು. ಆ ಒಂದೇ ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು. ಮೂಗಿನ ಆ ಒಂದೇ ಹೊಳ್ಳೆ ಸೋರುತ್ತಿತ್ತು. ರೆಪ್ಪೆ ಜೋತುಬೀಳುತ್ತಿತ್ತು. ಮಲಗು ಎಂದರೆ ಮಲಗಲಾರ, ಕೂಡು ಎಂದರೆ ಕೂಡಲಾರ. ಗಾಣದ ಸುತ್ತ ತಿರುಗಿದ್ದೇ ತಿರುಗಿದ್ದು, ಗೋಡೆಗೆ ಹಣೆ ಜಜ್ಜಿದ್ದೇ ಜಜ್ಜಿದ್ದು. ಒಂದು ತಾಸು ಹೀಗೆ ಹಿಂಡಿ, ಆಮೇಲೆ ಏನೂ ಆಗೇ ಇಲ್ಲವೆಂಬಂತೆ ನೋವು ಹೊರಟುಹೋಗುತ್ತಿತ್ತು. ಒಂದೂವರೆ, ಎರಡು ತಿಂಗಳು ಈ ಕಾಟ. ಆಮೇಲೆ ಮುಂದಿನ ಶಿವರಾತ್ರಿಯವರೆಗೆ ಸುದ್ದಿಯೇ ಇಲ್ಲ.

ಮೊದಲ ವರ್ಷ ಇದು ಹಲ್ಲಿನ ನೋವೆಂದು ಅವನಿಗೇ ಅನ್ನಿಸಿತು. ಹಲ್ಲಿನ ಡಾಕ್ಟರು ಬೇಡ ಬೇಡ ಎಂದರೂ ಹಟ ಹಿಡಿದು ಎರಡು ಗಟ್ಟಿ ದವಡೆ ಹಲ್ಲು ಕೀಳಿಸಿಕೊಂಡು ಬಂದ. ಮರುದಿನ ನಾಲ್ಕಕ್ಕೆ ನೋವು ಹಾಜರು. ಎರಡನೆಯ ವರ್ಷ ಕಣ್ಣಿನ ದೋಷವಿರಬೇಕೆಂದು ಚಾಳೀಸು ಹಾಕಿಕೊಂಡ. ಅದರಿಂದಲೂ ಗುಣವಾಗಲಿಲ್ಲ. ಮೂರನೆಯ ವರ್ಷ ಕೆಂಚವ್ವ ತಾನೇ ಕಚ್ಚೆ ಕಟ್ಟಿ ನಿಂತಳು. ದಿನಾ ಮೂರು ಗಂಟೆಗೆ, ನೋವು ಬರುವ ಮೊದಲೇ, ಮಗನಿಗೆ ಕಂಬಳಿ ಹೊದಿಸಿ ಉಗಿ ಕೊಡತೊಡಗಿದಳು. ಅವನು ಬೆವರಿನಲ್ಲಿ ತೊಯ್ದು ಎದ್ದು, ನೇರ ಬೋರಿನ ಪೈಪಿನ ಕೆಳಗೆ ತಲೆ ಇಟ್ಟು ತಣ್ಣೀರು ಸುರಿದುಕೊಳ್ಳುತ್ತಿದ್ದ.

"ಬೆಂಕೀ ಮುಂದ ನಿಂತ ಮೈ, ತಂಪ ಆಗಲಿ," ಎನ್ನುತ್ತಿದ್ದಳು ಕೆಂಚವ್ವ.

ನೋವು ಮಾತ್ರ ಬಿಡಲಿಲ್ಲ.

ಈ ವರ್ಷವಂತೂ ಎಲ್ಲರ ಜೀವ ಬಾಯಿಗೆ ಬಂತು. ಒಂದು ಸಂಜೆ ಮಲಕಾರಿ ಕೊಪ್ಪರಿಗೆಯ ಅಂಚಿನಲ್ಲಿ ನಿಂತು ಹದ ನೋಡುತ್ತಿದ್ದಾಗಲೇ ನೋವು ಎರಗಿತು. ಕಣ್ಣು ಮುಚ್ಚಿಕೊಂಡು ಮುಂದಕ್ಕೆ ವಾಲಿದ. ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಬಾಳೇಶ ಹಾರಿ ಬಂದು ಅವನ ಅಂಗಿ ಹಿಡಿದು ಹಿಂದಕ್ಕೆಳೆದ. ಇಬ್ಬರೂ ಸಿಪ್ಪೆಯ ರಾಶಿಯ ಮೇಲೆ ಬಿದ್ದರು. ಒಂದು ಕ್ಷಣ ತಡವಾಗಿದ್ದರೆ!

ನೋವು ಇಳಿದ ಮೇಲೆ ಮಲಕಾರಿ ತಾಯಿಯ ಹತ್ತಿರ ಬಂದು ಕುಳಿತ. "ಯವ್ವಾ, ನಾ ಇನ್ನ ಕೊಪ್ಪರಿಗಿ ಬಿಡತೇನಿ. ನನ್ನ ಕೈಯಾಗ ಆಗೂದಿಲ್ಲ," ಎಂದ. ಮುಖ ಸಣ್ಣದಾಗಿತ್ತು.

"ಬಿಟ್ಟ ಏನ ಮಾಡ್ತೀ? ಈ ವಿದ್ಯಾ ನಿಮ್ಮಪ್ಪ ಯಾರಿಗಿ ಬಿಟ್ಟ ಹೋಗ್ಯಾನ?" ಕೆಂಚವ್ವ ಗದರಿದಳು. "ನಾಳಿಂದ ಎರಡ ಸಲ ಉಗಿ ಕೊಡತೇನಿ. ಹ್ಯಾಂಗ ಹೋಗೂದಿಲ್ಲ ನೋಡೂಣು!"

ಸೊಸೆ ಕೋಮಲ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅತ್ತೆಗೆ ಎದುರಾಡುವ ಹುಡುಗಿಯಲ್ಲ ಅವಳು. ಸುಮ್ಮನೆ ಸೆರಗು ಸಿಕ್ಕಿಸಿಕೊಂಡು, ಮೂರು ಮನೆ ಆಚೆಗಿನ ಆಶಾ ಕಾರ್ಯಕರ್ತೆ ಸಾರಿಕಾಳನ್ನು ಕರೆದುಕೊಂಡೇ ಬಂದಳು.

ಸಾರಿಕಾ ಬಂದವಳೇ ಚಹಾಕ್ಕೂ ಕಾಯದೆ ಪ್ರಶ್ನೆ ಶುರುಮಾಡಿದಳು. ಯಾವ ಕಣ್ಣು? ಎಷ್ಟು ಹೊತ್ತು? ನೋವಿನಾಗ ಮಲಗತೀರೋ, ತಿರಗ್ಯಾಡತೀರೋ? ಎಲ್ಲ ಕೇಳಿ ತಲೆಯಾಡಿಸಿದಳು.

"ಆಯಿ, ಇದು ಸಾದಾ ತಲಿನೋವಲ್ಲ ಅನಸತೈತಿ. ಕ್ಲಸ್ಟರ್ ತಲಿನೋವು ಅಂತ ಒಂದೈತಿ. ಕ್ಲಸ್ಟರ್ ಅಂದ್ರ ಗೊಂಚಲ. ಅಥಣಿ ಕಡೆ ದ್ರಾಕ್ಷಿ ಗೊಂಚಲ ನೋಡೀಯಲ್ಲ, ಹಂಗ. ಒಂದಿಷ್ಟ ದಿನ ಗೊಂಚಲ ಗೊಂಚಲ ಬರತೈತಿ, ಆಮ್ಯಾಲ ತಿಂಗಳಾನಗಟ್ಲೆ ಇರೂದಿಲ್ಲ. ಮಿದುಳಿನಾಗ ಗಡಿಯಾರದಂಗ ಕೆಲಸ ಮಾಡೂ ಒಂದ ಜಾಗಾ ಐತಿ. ಅದಕ್ಕ ಟೈಮಿಗೆ ಸರಿ ಬರತೈತಿ. ಆದ್ರ ಖರೇ ಏನಂತ ಡಾಕ್ಟರ್ ನೋಡೇ ಹೇಳಬೇಕ."

"ಡಾಕ್ಟರ್ ಯಾಕ? ಉಗಿ ಕೊಡಾಕತ್ತೇನಲ್ಲ!"

"ಅದನ್ನ ಹೇಳಾಕ ಬಂದೇನಿ ಆಯಿ. ಇಂಥ ನೋವಿರೂ ಭಾಳ ಮಂದಿಗೆ ಬಿಸಿ ಆಗಿಬರೂದಿಲ್ಲ. ಬಿಸಿಲು, ಬೆಂಕಿ, ಸುಡೂ ನೀರಿನ ಜಳಕ, ಉಗಿ. ಹಂಗ ಬಿಸಿಯಿಂದ ಒಮ್ಮೆಲೆ ತಂಪಿಗೆ ಹೋಗೂದೂ ಅಷ್ಟ."

ಕೆಂಚವ್ವನ ಮೂಗಿನ ತುದಿಯಲ್ಲಿ ಸಿಟ್ಟು ಬಂದು ಕೂತಿತು. "ಏನಂದಿ? ನನ್ನ ಉಗಿಯಿಂದ ನನ್ನ ಮಗಗ ಬ್ಯಾನಿ ಬಂತಂತೀ? ನಿನ್ನ ನೆಗಡಿ ಯಾರ ಬಿಡಸಿದ್ರು ಹೋದ ಮಳಿಗಾಲದಾಗ?"

"ನೀನ ಬಿಡಸಿದಿ ಆಯಿ, ನಾ ಇಲ್ಲ ಅಂದೇನೇನ?" ಸಾರಿಕಾ ನಕ್ಕಳು. "ಬಿಸಿ ಬ್ಯಾನಿ ಹುಟ್ಟಸೂದಿಲ್ಲ. ಬ್ಯಾನಿ ಒಳಗ ಮಲಗಿರತೈತಿ, ಬಿಸಿ ಹೋಗಿ ಅದನ್ನ ಬಡದ ಎಬ್ಬಸತೈತಿ. ನನ್ನ ಮಾತ ನಂಬಬ್ಯಾಡ. ನೀನ ಲೆಕ್ಕ ಇಡು."

"ನನಗ ಬರಿಯಾಕ ಎಲ್ಲಿ ಬರತೈತಿ?"

"ಬೊಟ್ಟ ಇಡಾಕ ಬರತೈತಲ್ಲ!"

ಗೋಡೆಯ ಕ್ಯಾಲೆಂಡರು ತೋರಿಸಿ ಸಾರಿಕಾ ಹೇಳಿಕೊಟ್ಟಳು. ಒಲೆಯ ಮುಂದೆ ನಿಂತ, ಉಗಿ ತೆಗೆದುಕೊಂಡ ದಿನಕ್ಕೆ ಕುಂಕುಮದ ಬೊಟ್ಟು. ಎರಡೂ ಇಲ್ಲದ ದಿನಕ್ಕೆ ಅರಿಶಿನದ ಬೊಟ್ಟು. ನೋವು ಬಂದರೆ ಅದರ ಕೆಳಗೆ ಒಲೆಯ ಮಸಿಯ ಚುಕ್ಕೆ. ಎರಡು ಸಲ ಬಂದರೆ ಎರಡು ಚುಕ್ಕೆ. "ಆದ್ರ ಕೊಪ್ಪರಿಗೀ ಅಂಚಿಗೆ ಅಣ್ಣನ್ನ ಒಬ್ಬನ್ನ ನಿಲ್ಲಸಬ್ಯಾಡ್ರಿ. ಇವತ್ತಿನಿಂದ ಬಾಳೇಶಣ್ಣ ಬಾಜೂಕ ಇರಬೇಕ. ಮಿರಜದ ದೊಡ್ಡ ದವಾಖಾನಿಗೆ ಹೋಗಾಕ ನಾ ಚೀಟಿ ಮಾಡಸತೇನಿ," ಎಂದಳು.

ಕೆಂಚವ್ವ ಒಪ್ಪಿಕೊಂಡಳು. ಯಾಕೆ ಗೊತ್ತೇ? ತನ್ನ ಉಗಿಯೇ ಗೆಲ್ಲುತ್ತದೆಂದು ಆಕೆಗೆ ಖಾತ್ರಿಯಿತ್ತು.

ಮೊದಲ ದಿನ ಕುಂಕುಮ, ಕೆಳಗೆ ಮಸಿ. ಎರಡನೆಯ ದಿನ ಕುಂಕುಮ, ಮಸಿ. ಮೂರನೆಯ ದಿನ ಹಟಕ್ಕೆ ಬಿದ್ದು ಎರಡು ಸಲ ಉಗಿ ಕೊಟ್ಟಳು. ಎರಡು ಮಸಿ. ನಾಲ್ಕನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಗಾಣ ಹೂಡುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ಮಲಕಾರಿ ತಂಪು ಜಗಲಿಯಲ್ಲಿ ಮಗಳ ಜೊತೆ ಚೌಕಾಬಾರ ಆಡುತ್ತಾ ಕುಳಿತಿದ್ದ. ನಾಲ್ಕು ಹೊಡೆಯಿತು. ನಾಲ್ಕೂವರೆ ಆಯಿತು. ಐದಾಯಿತು. ಅವನು ಮಗಳಿಗೆ ಸೋತು ನಗುತ್ತಿದ್ದ.

"ಅಮಾಸಿ ಪುಣ್ಯ," ಎಂದಳು ಕೆಂಚವ್ವ. ಅರಿಶಿನದ ಬೊಟ್ಟು ಇಟ್ಟಳು.

ಐದನೆಯ ದಿನ ಗಾಣದ ಬೆಲ್ಟು ಹರಿದು ಮತ್ತೆ ಒಲೆ ಹೊತ್ತಲಿಲ್ಲ. ಅರಿಶಿನ. ಮಸಿಯಿಲ್ಲ. ಆರನೆಯ ದಿನ ಗಾಣ ಶುರುವಾಯಿತು, ಉಗಿಯೂ ಶುರುವಾಯಿತು. ನಾಲ್ಕಕ್ಕೆ ಸರಿಯಾಗಿ ಮಲಕಾರಿ ಕಣ್ಣು ಹಿಡಿದುಕೊಂಡು ಗೋಡೆಯ ಕಡೆ ಓಡಿದ.

ಅಂದು ಕೆಂಚವ್ವ ಮಸಿ ಹತ್ತಿದ ಬೆರಳು ಹಿಡಿದುಕೊಂಡು ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಳು. ಸುತ್ತ ಯಾರೂ ಇರಲಿಲ್ಲ. ಚುಕ್ಕೆ ಇಡದೆ ಹೋದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸಲ ಬೆರಳು ಸೆರಗಿಗೆ ಒರೆಸಿಕೊಳ್ಳಲೂ ಹೋದಳು. ಮರುಗಳಿಗೆ ಹೊರಗಿನಿಂದ ಮಗ ನರಳಿದ್ದು ಕೇಳಿಸಿತು. ಕೆಂಚವ್ವ ಚುಕ್ಕೆ ಇಟ್ಟಳು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೋಮಲ ಓಡಿ ಬಂದಳು.

"ಅತ್ತೀ, ಯಾಕ್ರೀ? ಏನಾತ್ರಿ?"

"ಸಾರಿಕಾನ್ನ ಕರಿ ನಮ್ಮವ್ವ. ನಾಳೇನ ಮಿರಜಕ್ಕ ಹೋಗೂಣು," ಎಂದಳು ಕೆಂಚವ್ವ.

ಮರುದಿನ ಸಾರಿಕಾಳೂ ಸೇರಿ ನಾಲ್ವರು ಬಸ್ಸು ಹತ್ತಿದರು. ಬಸ್ಸಿನಲ್ಲಿ ಬೆಂಕಿಯಂಥ ಸೆಕೆ. ಇಳಿದು ಬಿಸಿಲಲ್ಲಿ ನಡೆದು ದವಾಖಾನೆಯ ಒಳಗೆ ಕಾಲಿಟ್ಟರೆ ಮೈ ನಡುಗಿಸುವ ಎಸಿ. ಇವರ ಪಾಳಿ ಬರುವಷ್ಟರಲ್ಲಿ ನಾಲ್ಕಾಗಿತ್ತು. ಮಲಕಾರಿ ಕುರ್ಚಿಯಿಂದ ಎದ್ದ. ತಿರುಗಾಡತೊಡಗಿದ. ಎಡಗಣ್ಣು ಕೆಂಪಾಯಿತು.

ನರರೋಗದ ಡಾಕ್ಟರಬಾಯಿ ಹೊರಗೇ ಬಂದು ನೋಡಿದರು. ಕಣ್ಣು ನೋಡಿ, ರೆಪ್ಪೆ ನೋಡಿ, ನರ್ಸಿಗೆ ಏನೋ ಹೇಳಿದರು. ಮಲಕಾರಿಯನ್ನು ಕೂಡ್ರಿಸಿ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ಸಿಲಿಂಡರಿನ ಆಕ್ಸಿಜನ್ ಜೋರಾಗಿ ಬಿಟ್ಟರು. ಕೆಂಚವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಐದು ನಿಮಿಷ. ಹತ್ತು ನಿಮಿಷ. ಮಲಕಾರಿಯ ಬಿಗಿದ ಮುಷ್ಟಿ ಸಡಿಲಾಯಿತು. ಹದಿನೈದು ನಿಮಿಷಕ್ಕೆ ಅವನು ಕಣ್ಣು ತೆರೆದು, ಮಾಸ್ಕ್ ಸರಿಸಿ ಹೇಳಿದ:

"ಯವ್ವಾ, ಹಸಿವಾಗೈತಿ."

ಕೆಂಚವ್ವ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತೆಗೆಯಲೋ, ಅಳಲೋ, ನಗಲೋ ತಿಳಿಯದೆ ಮೂರನ್ನೂ ಒಟ್ಟಿಗೆ ಮಾಡಿದಳು. "ಬರೇ ಗಾಳಿ! ಡಾಕ್ಟರಬಾಯಿ, ಬರೇ ಗಾಳಿಗೆ ಹೋತಲ್ರಿ!"

"ಬರೇ ಗಾಳಿ ಅಲ್ರಿ ಆಯಿ, ಶುದ್ಧ ಆಕ್ಸಿಜನ್. ಇದೂ ಔಷಧಾನ. ಎಲ್ಲಾ ತಲಿನೋವಿಗೂ ನಡೆಯೂದಿಲ್ಲ, ಡಾಕ್ಟರ್ ಹೇಳಿದಷ್ಟ, ಹೇಳಿದಂಗ ತಗೋಬೇಕ," ಎಂದರು ಡಾಕ್ಟರು. ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಯಾಗಲು ತಲೆಯ ಸ್ಕ್ಯಾನ್ ಮಾಡಿಸಿದರು. ಎದೆಯ ಇಸಿಜಿ ತೆಗೆಸಿ, ನೋವಿನ ತಿಂಗಳುಗಳಲ್ಲಿ ದಿನಾ ನುಂಗುವ ಗುಳಿಗೆ ಬರೆದುಕೊಟ್ಟರು.

ಸಾರಿಕಾ ಹೇಳಿದ್ದೇ ನಿಜವಾಗಿತ್ತು. ಕ್ಲಸ್ಟರ್ ತಲೆನೋವು.

"ಉಗಿ ಬ್ಯಾಡಾ?" ಕೆಂಚವ್ವ ಸಣ್ಣ ದನಿಯಲ್ಲಿ ಕೇಳಿದಳು.

"ಇವರಿಗೆ ಬ್ಯಾಡ್ರಿ. ಈ ಎರಡ ತಿಂಗಳ ಒಲಿ ಮುಂದ ನಿಲ್ಲೂದು ಬ್ಯಾಡ. ಸುಡೂ ನೀರ ಜಳಕ ಬ್ಯಾಡ, ಉಗುರುಬೆಚ್ಚಗ ಸಾಕು. ಬೆವತ ಮೈಮ್ಯಾಲ ಒಮ್ಮೆಲೆ ತಣ್ಣೀರ ಬ್ಯಾಡ, ನೆರಳಿನಾಗ ಕುಂತ ಆರಿಸಿಕೊಳ್ಳಲಿ. ಈ ದಿನದಾಗ ದಾರು ಒಂದ ಗುಟುಕೂ ಬ್ಯಾಡ. ಬೀಡಿ ಅಂತೂ ಕಾಯಂ ಬಿಡಬೇಕ. ದಿನಾ ಒಂದ ಹೊತ್ತಿಗೆ ಮಲಗಬೇಕ, ಒಂದ ಹೊತ್ತಿಗೆ ಏಳಬೇಕ. ಮತ್ತ ಇಂಥಾದೊಂದ ಸಿಲಿಂಡರ್ ಬರದ ಕೊಡತೇನಿ, ಮನ್ಯಾಗಿರಲಿ. ಗಾಣದ ಒಲಿ, ಅಡಗೀ ಒಲಿ, ಬೀಡಿ, ಯಾವ ಬೆಂಕೀ ಹತ್ರಾನೂ ಒಯ್ಯಬ್ಯಾಡ್ರಿ. ದೊಡ್ಡ ಅನಾಹುತ ಆಗತೈತಿ."

ಎಲ್ಲ ಸರಿ. ಆದರೆ ಮರಳುವ ಬಸ್ಸಿನಲ್ಲಿ ಮಲಕಾರಿಗೆ ಒಂದೇ ಚಿಂತೆ. ಎರಡು ತಿಂಗಳು ಕೊಪ್ಪರಿಗೆ ಯಾರು ನೋಡುವುದು? ಹೊಲದಲ್ಲಿ ಕಡಿದ ಕಬ್ಬು ಕಾಯುವುದಿಲ್ಲ. ಹೊರಗಿನವರನ್ನು ಕರೆದರೆ ಮನೆಯ ವಿದ್ಯೆ ಮನೆಯಿಂದ ಹೋಯಿತು. ಅವನ ಮನಸ್ಸಿನಲ್ಲಿ ಇದೇ ಕುದಿಯುತ್ತಿತ್ತು. ಕೆಂಚವ್ವನಿಗೂ ಅದು ತಿಳಿಯುತ್ತಿತ್ತು.

ಆಗ ಕಿಟಕಿಯ ಬಳಿ ಕುಳಿತಿದ್ದ ಕೋಮಲ, ಯಾರ ಮುಖವನ್ನೂ ನೋಡದೆ, "ನಾ ನಿಲ್ಲಲೇನ್ರಿ ಅತ್ತಿ?" ಎಂದಳು.

ಬಸ್ಸೇ ಒಮ್ಮೆ ನಿಂತಂತಾಯಿತು. ಆ ಗಾಣದಲ್ಲಿ ಹೆಂಗಸರು ಕಬ್ಬು ಹೊರುತ್ತಿದ್ದರು, ನೊರೆ ತೆಗೆಯುತ್ತಿದ್ದರು, ಬೆಲ್ಲದ ಪೆಂಟೆಗೆ ಬಟ್ಟೆ ಸುತ್ತುತ್ತಿದ್ದರು. ಹದ ನೋಡಿ ಕೊಪ್ಪರಿಗೆ ಇಳಿಸಿದ ಹೆಂಗಸು ಮಾತ್ರ ಇಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

"ನಿನಗೇನ ತಿಳಿತೈತಿ ಹದ?" ಮಲಕಾರಿ ಕೇಳಿದ.

"ಹತ್ತ ವರ್ಷ ನಿಮ್ಮ ಬಾಜೂಕ ನಿಂತ ನೊರಿ ತಗದೇನಿ. ಕಣ್ಣ ಮುಚ್ಚಿಕೊಂಡ ನಿಂತಿದ್ನೇನು?"

ಹಿಂದಿನ ಸೀಟಿನಿಂದ ಸಾರಿಕಾ ಕಿಸಕ್ಕನೆ ನಕ್ಕಳು. ಕೆಂಚವ್ವ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಈಗಷ್ಟೇ ಮನೆಗೆ ಬಂದವಳನ್ನು ನೋಡಿದ ಹಾಗೆ. "ನಿಲ್ಲಲಿ," ಎಂದಳು. ಕೆಂಚವ್ವ ಅಂದ ಮೇಲೆ ಮುಗಿಯಿತು.

ಎರಡು ದಿನ ಬಿಟ್ಟು ಒಲೆ ಹೊತ್ತಿತು. ಕೋಮಲ ಸೀರೆ ಎತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿ ಕೊಪ್ಪರಿಗೆಯ ಮುಂದೆ ನಿಂತಳು. ಮಲಕಾರಿ ದೂರದ ಬೇವಿನ ನೆರಳಲ್ಲಿ, ಗಾಳಿ ಬೀಸುವ ಕಡೆ ಕುರ್ಚಿ ಹಾಕಿಕೊಂಡು ಕುಳಿತ. ಆದರೆ ಬಾಯಿಗೆ ರಜೆಯಿರಲಿಲ್ಲ.

"ಹಾಲಿನ ಕಸ ತೇಲಾಕ ಬೆಂಡೀಕಾಯಿ ಅಂಟ ಹಾಕಿದೇನ?"

"ಹಾಕೇನ್ರೀ!"

"ಬಾಳೇಶಾ, ಉರಿ ಕಡಿಮಿ ಮಾಡೋ!"

"ನೀ ಸುಮ್ಮ ಕುಂಡ್ರೋ ಮಾರಾಯಾ! ಈಗ ಮಾಲಕರು ಬದಲಾಗ್ಯಾರ," ಎಂದ ಬಾಳೇಶ. ಇಡೀ ಗಾಣ ಗೊಳ್ಳೆಂದು ನಕ್ಕಿತು.

ಮೊದಲ ಕೊಪ್ಪರಿಗೆ ಸ್ವಲ್ಪ ಎಳೆಯ ಹದಕ್ಕೇ ಇಳಿಯಿತು, ಬೆಲ್ಲ ಮೆತ್ತಗಾಯಿತು. ಕೋಮಲಳ ಮುಖ ಬಾಡಿತು. ಎರಡನೆಯದು ಪರವಾಗಿಲ್ಲ ಎನ್ನಿಸಿತು. ಮೂರನೆಯದಕ್ಕೆ ಅವಳು ತಣ್ಣೀರಿನ ತಾಟಿನಲ್ಲಿ ಹನಿ ಬಿಟ್ಟು, ಉಂಡೆ ಕಟ್ಟಿ, ಬೆರಳಲ್ಲಿ ಒತ್ತಿ ನೋಡಿ, ಗಂಡನ ಕಡೆ ತಿರುಗಲಿಲ್ಲ. "ಇಳಸ್ರಿ!" ಎಂದು ಕೂಗಿದಳು. ನಾಲ್ವರು ಆಳುಗಳು ಕೊಪ್ಪರಿಗೆ ಎಳೆದು ಬಗ್ಗಿಸಿದರು. ಹಳದಿ ಪಾಕ ಹರಿಯಿತು. ಗಟ್ಟಿಯಾಗುತ್ತ ಬಂದ ಹಾಗೆ ಬಂಗಾರದ ಬಣ್ಣ ಏರಿತು.

ಮಲಕಾರಿ ಕುರ್ಚಿಯಿಂದ ಎದ್ದು ನಿಂತ. "ಅಬಾಬಾ! ಇದು ನಂದಕ್ಕಿಂತ ಛಲೋ ಬಂದೈತಿ!"

ಎಲ್ಲರೂ ಬೆಲ್ಲದ ಸುತ್ತ ನೆರೆದು ಗದ್ದಲ ಮಾಡುತ್ತಿದ್ದರು. ಕೆಂಚವ್ವನೊಬ್ಬಳೇ ಮಗನ ಎಡಗಣ್ಣನ್ನು ನೋಡುತ್ತಿದ್ದಳು. ಬಾಳೇಶನಿಂದ ಮೊಬೈಲು ತೆಗೆಸಿ ಗಂಟೆ ಎಷ್ಟೆಂದು ಕೇಳಿದಳು. ಐದಕ್ಕೆ ಹತ್ತು ನಿಮಿಷ. ನಾಲ್ಕು ಯಾವಾಗ ಬಂದು ಯಾವಾಗ ಹೋಯಿತೋ ಮಲಕಾರಿಗೆ ಗೊತ್ತೇ ಆಗಿರಲಿಲ್ಲ. ಕೆಂಚವ್ವ ಯಾರ ಎದುರು ಎಂದು ನೋಡದೆ ಮಗನ ಗಲ್ಲ ಎರಡೂ ಕೈಯಲ್ಲಿ ಹಿಡಿದು ನೆಟಿಗೆ ಮುರಿದಳು.

ಆ ಹಂಗಾಮಿನಲ್ಲಿ ನೋವು ಪೂರ್ತಿ ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಮತ್ತೆ ಐದಾರು ಸಲ ಬಂತು. ಬಂದ ಕೂಡಲೇ ಅವನು ಮನೆಗೆ ಹೋಗಿ ಮಾಸ್ಕ್ ಹಾಕಿಕೊಳ್ಳುತ್ತಿದ್ದ. ಕಾಲು ತಾಸಿಗೆ ಎದ್ದು ಬರುತ್ತಿದ್ದ. ಗುಳಿಗೆ ತಪ್ಪಿಸಲಿಲ್ಲ. ಬೀಡಿ ಬಿಟ್ಟ. ಯುಗಾದಿ ದಾಟಿ ನೋವಿನ ದಿನ ಮುಗಿದ ಮೇಲೆ, ಡಾಕ್ಟರನ್ನು ಕೇಳಿಕೊಂಡೇ, ಕೊಪ್ಪರಿಗೆಯ ಮುಂದೆ ಬಂದು ನಿಂತ. ಈಗ ಅಲ್ಲಿ ಹದ ನೋಡುವವರು ಇಬ್ಬರು. ಇಬ್ಬರಿಗೂ ದಿನಾ ವಾದ.

ಮುಂದಿನ ತಿಂಗಳು ಸ್ವಸಹಾಯ ಸಂಘದ ಸಭೆಯಲ್ಲಿ ಸಾರಿಕಾ ಕ್ಲಸ್ಟರ್ ತಲೆನೋವಿನ ಬಗ್ಗೆ ಹೇಳುತ್ತಿದ್ದಳು. ತುಳಸವ್ವನೆಂಬಾಕೆ ನಡುವೆಯೇ, "ನಮ್ಮ ತಮ್ಮಗೂ ಹಿಂಗ ಒಂದ ಕಣ್ಣಿನಾಗ ಬರತೈತವ್ವ. ನಾವು ಇಟ್ಟಂಗಿ ಕಾಸಿ ಕಾವ ಕೊಡತೇವಿ," ಎಂದಳು.

ಮೂಲೆಯಲ್ಲಿ ಕುಳಿತಿದ್ದ ಕೆಂಚವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಇಪ್ಪತ್ತು ಹೆಂಗಸರ ಮುಂದೆ, ಆ ಓಣಿಗೆಲ್ಲ ಔಷಧ ಹೇಳುತ್ತಿದ್ದ ಕೆಂಚವ್ವ, ನೆಟ್ಟಗೆ ನಿಂತು ಹೇಳಿದಳು:

"ತುಳಸವ್ವಾ, ನಾನೂ ಹಂಗ ಮಾಡಿದೆ. ಮಗನ ಮ್ಯಾಲಿನ ಮಾಯಾಕ್ಕ ದಿನಾ ಮೂರಕ್ಕ ಕುಂಡ್ರಿಸಿ, ನಾಲ್ಕರ ಬ್ಯಾನಿ ನನ್ನ ಕೈಯಾರೆ ಎಬ್ಬಸಿದೆ. ನನಗ ತಿಳೀಲಿಲ್ಲ, ಯಾರೂ ಹೇಳಲೂ ಇಲ್ಲ. ನಿನಗ ಈಗ ನಾ ಹೇಳೇನಿ. ನಾಳೆ ಮುಂಜಾನೆ ಅವನ್ನ ಕರಕೊಂಡ ದವಾಖಾನಿಗೆ ನಡಿ. ನಾ ಜೋಡಿ ಬರತೇನಿ."

ಓದುವ ಅಕ್ಕ, ಅಣ್ಣ, ಈಗ ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದೇ ಕಣ್ಣಿನ ಸುತ್ತ, ದಿನಾ ಅದೇ ಹೊತ್ತಿಗೆ, ನಿಲ್ಲಲೂ ಕೂಡಲೂ ಬಿಡದ ನೋವು ಬರುತ್ತಿದೆಯೇ? ಆ ಕಣ್ಣಲ್ಲಿ ನೀರು, ಆ ಮೂಗಿನಲ್ಲಿ ನೀರು ಬರುತ್ತಿದೆಯೇ? ಸೋಗು ಎಂದು ನಗಬೇಡಿ, ಹಲ್ಲು ಕೀಳಿಸಬೇಡಿ, ಅಂಗಡಿಯ ಗುಳಿಗೆ ಮೇಲಿಂದ ಮೇಲೆ ನುಂಗಿಸಬೇಡಿ. ಎಂದು ಬಂತು, ಅಂದು ಬಿಸಿಲಲ್ಲಿದ್ದರೋ ಬೆಂಕಿಯ ಮುಂದಿದ್ದರೋ, ಬಿಸಿಯಿಂದ ತಂಪಿಗೆ ಒಮ್ಮೆಲೇ ಹೋದರೋ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ಕ್ಯಾಲೆಂಡರು ಹಿಡಿದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕಾಣಿ. ಒಮ್ಮೆಲೇ ಸಿಡಿಲು ಬಡಿದಂಥ ತಲೆನೋವು, ಜ್ವರ, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ.

ನಿಮ್ಮವರ ನೋವಿಗೆ ಮದ್ದಿದೆ. ಅದನ್ನು ಕೇಳಿಕೊಂಡು ಹೋಗುವ ಕೆಲಸ ನಿಮ್ಮದು. ಇಂದೇ ಹೋಗಿ.